ಸೊಪ್ಪು ಜೈಲಿನಲ್ಲಿ, ಕೋಳಿ ಬಯಲಿನಲ್ಲಿ

ಹಿತ್ತಲಲ್ಲಿ ತರಕಾರಿ ಬೆಳೆಯುವವರು ಸುಖಿಗಳು. ಕೋಳಿ ಸಾಕುವವರೂ ಸುಖಿಗಳೇ. ಎರಡನ್ನೂ ಒಂದೇ ಹಿತ್ತಲಲ್ಲಿ ಮಾಡುತ್ತೇವೆ ಎಂದು ಹೊರಡುವವರನ್ನು ಕಂಡರೆ ನನಗೆ ಅಯ್ಯೋ ಪಾಪ ಅನ್ನಿಸುತ್ತದೆ. ನಾನೂ ಅದೇ ಗುಂಪಿನವಳು. ಬಾಯಲ್ಲಿ ಹೇಳುವಾಗ ಲೆಕ್ಕ ಬಲು ಚೆಂದ. ಕೋಳಿ ಹುಳ ತಿನ್ನುತ್ತದೆ, ಗೊಬ್ಬರ ಕೊಡುತ್ತದೆ, ಗೊಬ್ಬರದಿಂದ ಸೊಪ್ಪು, ಸೊಪ್ಪಿನ ಕಡ್ಡಿ ಮತ್ತೆ ಕೋಳಿಗೆ. ಎಲ್ಲ ನಿಜವೇ. ಹುಳಕ್ಕಿಂತ ಮೊದಲು ಕೋಳಿ ಪಾಲಕ್ ತಿನ್ನುತ್ತದೆ ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ನಮ್ಮ ಮನೆ ಇರುವುದು ಉತ್ತರಹಳ್ಳಿ ಕಡೆ. ಮಾವ ಆ ಕಾಲದಲ್ಲೇ ಹಿಂದಿನ ಸೈಟನ್ನೂ ಕೊಂಡು ಹಾಗೇ ಬಿಟ್ಟಿದ್ದರಿಂದ ನಮಗೆ ಹಿತ್ತಲು ಅಂತ ಒಂದಿದೆ. ಆಗಾಗ ಯಾರಾದರೂ ಬ್ರೋಕರ್ ಬಂದು, "ಸುಮ್ನೆ ಖಾಲಿ ಬಿಟ್ಟಿದ್ದೀರಲ್ಲ ಮೇಡಂ" ಅನ್ನುತ್ತಾನೆ. ಖಾಲಿಯಂತೆ! ನುಗ್ಗೆ ಮರ ಇದೆ, ಪರಂಗಿ ಇದೆ, ಕರಿಬೇವು, ದಾಸವಾಳ, ಬಾಳೆ ಇವೆ. ಬೇಲಿ ಮೇಲೆ ಬಸಳೆ ಹಬ್ಬಿದೆ. ನಡುವೆ ಸೊಪ್ಪಿನ ಮಡಿಗಳು, ಮೂಲೆಯಲ್ಲಿ ಕೋಳಿ ಗೂಡು. ಇಷ್ಟಕ್ಕೂ ಯಜಮಾನಿ ನಮ್ಮತ್ತೆ. ಕುಣಿಗಲ್ ಕಡೆಯವರು. ನಾನು, ಇವರು, ಮಗಳು ಮೂವರೂ ಅವರ ಕೈಕೆಳಗಿನ ಆಳುಗಳು. ಆಳುಗಳಿಗೆ ಭಾನುವಾರ ರಜೆ ಇಲ್ಲ.

ಕೋಳಿ ಕೆದಕುವುದನ್ನು ಹತ್ತಿರದಿಂದ ಕೂತು ನೋಡಬೇಕು. ಎಡಗಾಲಲ್ಲಿ ಎರಡು ಸಲ, ಬಲಗಾಲಲ್ಲಿ ಎರಡು ಸಲ ಮಣ್ಣು ಹಿಂದಕ್ಕೆ ಎಸೆಯುತ್ತದೆ. ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಕತ್ತು ಓರೆ ಮಾಡಿ ಒಂದೇ ಕಣ್ಣಲ್ಲಿ ಗುಂಡಿ ನೋಡುತ್ತದೆ. ಏನೂ ಸಿಗದಿದ್ದರೂ ಬೇಜಾರಿಲ್ಲ, ಇನ್ನೊಂದು ಸುತ್ತು. ಇದೇ ಕೆಲಸ ತಿಪ್ಪೆ ಮೇಲೆ ಮಾಡಿದರೆ ಅದರಷ್ಟು ಉಪಕಾರಿ ಇಲ್ಲ. ಆದರೆ ಅದಕ್ಕೆ ಬೇಕಾಗಿರುವುದು ನಿನ್ನೆ ತಾನೇ ಹದ ಮಾಡಿ ಮೆಂತ್ಯ ಚೆಲ್ಲಿದ ಮಡಿ. ಹೊಸದಾಗಿ ಅಗೆದ ಮಣ್ಣು ಎಲ್ಲಿದೆ ಅಂತ ಅದಕ್ಕೆ ಹೇಗೋ ಗೊತ್ತಾಗಿಬಿಡುತ್ತದೆ. ಕೆದಕಿ ಮುಗಿದ ಮೇಲೆ ಅದೇ ಗುಂಡಿಯಲ್ಲಿ ಮಗ್ಗುಲಾಗಿ ಬಿದ್ದು, ರೆಕ್ಕೆ ಬಿಚ್ಚಿ, ಧೂಳನ್ನು ಮೈತುಂಬ ಎರಚಿಕೊಳ್ಳುತ್ತದೆ. ಹೇನು ಹೋಗುವುದಕ್ಕೆ ಅದು ಅವಕ್ಕೆ ಬೇಕೇ ಬೇಕು. ಬೇಕಾದರೆ ಬೇರೆ ಕಡೆ ಮಾಡಲಿ, ಅಲ್ವಾ?

ಹಾಗಾಗಿ ನಮ್ಮಲ್ಲಿ ಪ್ರತಿ ಮಡಿಗೂ ಕಾವಲು. ಹಳೇ ಟೇಬಲ್ ಫ್ಯಾನಿನ ಜಾಲರಿ ಕೊತ್ತಂಬರಿಗೆ. ಹರಿದ ಸೊಳ್ಳೆ ಪರದೆ ದಂಟಿಗೆ. ಹಾಲಿನ ಅಂಗಡಿಯವರು ಕೊಟ್ಟ ಮುರುಕಲು ಕ್ರೇಟ್ ಬದನೆ ಸಸಿಗೆ. ಕಳ್ಳರೆಲ್ಲ ಹೊರಗೆ ಆರಾಮಾಗಿ ಓಡಾಡುತ್ತಿದ್ದಾರೆ, ಏನೂ ಮಾಡದ ಸೊಪ್ಪು ಕಂಬಿ ಹಿಂದೆ ಕೂತಿದೆ. ನಂಟರು ಬಂದರೆ ಹಿತ್ತಲು ತೋರಿಸುವುದಕ್ಕೆ ನಾಚಿಕೆ. ಗುಜರಿ ಅಂಗಡಿ ಇಟ್ಟಿದ್ದೀರಾ ಅಂತ ಒಬ್ಬರು ಕೇಳಿಯೂ ಬಿಟ್ಟರು.

ಮೊದಲ ಮಳೆ ಬಿದ್ದ ಕೂಡಲೇ ಮಣ್ಣಿನ ವಾಸನೆಗೆ ಎಲ್ಲರಿಗೂ ಹುರುಪು. ಅದೇ ಹುರುಪಿನಲ್ಲಿ ನುಗ್ಗೆ ಮರಕ್ಕೆ ಕಂಬಳಿ ಹುಳವೂ ಬರುತ್ತದೆ. ಕಾಂಡಕ್ಕೆ ಅಂಟಿಕೊಂಡು, ಗುಂಪುಗುಂಪಾಗಿ. "ಅತ್ತೆ, ಕೋಳಿ ಬಿಡೋಣ" ಅಂದೆ. "ಬಿಡು, ನೋಡೋಣ" ಅಂದರು. ಕೋಳಿಗಳು ಬಂದವು. ನೆಲಕ್ಕೆ ಬಿದ್ದಿದ್ದ ಒಂದು ಹುಳವನ್ನು ಕುಟುಕಿ, ಉಗಿದು, ಕೊಕ್ಕನ್ನು ಮಣ್ಣಿಗೆ ಒರೆಸಿ ಪಾಲಕ್ ಕಡೆ ನಡೆದವು. ಕೂದಲಿನ ಹುಳ ಅವಕ್ಕೆ ಆಗದು. ಕೊನೆಗೆ ಅತ್ತೆಯೇ ಕೋಲಿಗೆ ಬಟ್ಟೆ ಸುತ್ತಿ, ಸೀಮೆಎಣ್ಣೆ ಸಿಗದ ಕಾಲ ಅಂತ ಬೈಯುತ್ತಾ, ಬೇವಿನೆಣ್ಣೆಯ ಪಂಜು ಹಚ್ಚಿ ಕಾಂಡ ಸುಟ್ಟರು.

ಶಂಖದ ಹುಳದ ಕಥೆಯೂ ಇಷ್ಟೇ. ಆಫ್ರಿಕಾದ ಈ ದೊಡ್ಡ ಬಸವನಹುಳು ಮಳೆಗಾಲದಲ್ಲಿ ಬೆಂಗಳೂರಿನ ಎಷ್ಟೋ ಹಿತ್ತಲುಗಳಲ್ಲಿ ಇದೆ. ಹಗಲು ಕಾಣುವುದಿಲ್ಲ, ರಾತ್ರಿ ಬಂದು ಪರಂಗಿ ಸಸಿಯನ್ನು ಬುಡಕ್ಕೆ ಮುಗಿಸುತ್ತದೆ. ಸಣ್ಣ ಮರಿಗಳಾದರೆ ಕೋಳಿ ನುಂಗುತ್ತದೆ. ಅಂಗೈಯಗಲದ್ದನ್ನು ಕಂಡರೆ ಸುತ್ತು ಹಾಕಿಕೊಂಡು ಹೋಗುತ್ತದೆ. ಅಷ್ಟಕ್ಕೂ ಹುಳ ಹೊರಡುವ ಹೊತ್ತಿಗೆ ಕೋಳಿ ಗೂಡಲ್ಲಿ ನಿದ್ದೆ ಮಾಡುತ್ತಿರುತ್ತದೆ. ಟಾರ್ಚು, ಕೈಗವಸು, ಉಪ್ಪುನೀರಿನ ಬಕೆಟ್ಟು ಹಿಡಿದು ರಾತ್ರಿ ಪಾಳಿ ಮಾಡುವವರು ನಾನೂ ಇವರೂ. ಮದುವೆಯಾದ ಹೊಸತರಲ್ಲೂ ನಾವು ಬೆಳದಿಂಗಳಲ್ಲಿ ಇಷ್ಟು ಹೊತ್ತು ಒಟ್ಟಿಗೆ ಓಡಾಡಿದವರಲ್ಲ.

ಆಷಾಢದ ಗಾಳಿಗೆ ಬಾಳೆ ಮಲಗುವುದು ವರ್ಷವರ್ಷದ ಮಾತು. ಅದನ್ನು ದೊಡ್ಡದು ಮಾಡುವುದಿಲ್ಲ. ಆಗಸ್ಟ್‌ನಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋಗಿ, ಬೇಡ ಬೇಡ ಅಂದುಕೊಂಡೇ ಕೈತುಂಬ ಸಸಿ ಹೊತ್ತು ತರುವುದೂ ಹಾಗೇ.

ಬೆಂಗಳೂರಿಗೆ ವರ್ಷಕ್ಕೆ ಬೀಳುವ ಮಳೆ ಹೆಚ್ಚೂಕಡಿಮೆ 97 ಸೆಂಟಿಮೀಟರ್. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್‌ನದು. ಗಿಡಗಳಿಗೆ ಹಬ್ಬ, ಕೋಳಿಗಳಿಗೆ ಕಷ್ಟ. ಗೂಡಿನ ನೆಲ ಒದ್ದೆಯಾದರೆ ಒಂದಲ್ಲ ಒಂದು ಕಾಯಿಲೆ. ಕೊಕ್ಕರೆ ರೋಗ ಒಂದು ಸಲ ಬಂದಿತ್ತು. ಕತ್ತು ತಿರುಚಿಕೊಂಡು, ಹಸಿರು ಹಿಕ್ಕೆ ಹಾಕಿ, ಎರಡು ದಿನದಲ್ಲಿ ಗೂಡು ಖಾಲಿ. ಆಗ ಬಾಯಿ ತುಂಬ ಮಾತಾಡುವ ನಮ್ಮತ್ತೆ ಒಂದು ವಾರ ಹಿತ್ತಲ ಬಾಗಿಲೇ ತೆಗೆಯಲಿಲ್ಲ. ಇದರ ಇಂಗ್ಲಿಷ್ ಹೆಸರಲ್ಲಿ ಉತ್ತರಾಖಂಡದ ರಾಣಿಖೇತ್ ಊರು ಇದೆ. ಅಷ್ಟು ಚೆಂದದ ಊರಿಗೆ ಈ ಅಪವಾದ ಬೇಕಿತ್ತಾ? ಈಗ ಮರಿಗಳಿಗೆ ವಾರ ತುಂಬುವಾಗ ಕಣ್ಣಿಗೊಂದು ತೊಟ್ಟು ಲಸಿಕೆ ತಪ್ಪಿಸುವುದಿಲ್ಲ. ಲಸಿಕೆಯ ಸೀಸೆ ಬರುವುದು ಫಾರಂ ಲೆಕ್ಕದಲ್ಲಿ, ನೂರಾರು ಕೋಳಿಗೆ ಆಗುವಷ್ಟು. ಬಿಚ್ಚಿದ ಮೇಲೆ ಕೆಲವೇ ಗಂಟೆ ಬಾಳಿಕೆ. ಐಸಿನ ಡಬ್ಬಿಯಲ್ಲಿ ತಂದು, ಒಂಬತ್ತೋ ಹತ್ತೋ ಮರಿಗೆ ಹಾಕಿ, ಮಿಕ್ಕಿದ್ದನ್ನು ಎಸೆಯುವಾಗ ಅತ್ತೆಯ ಮುಖ ನೋಡಲಾಗದು. ಅನ್ನ ಚೆಲ್ಲಿದರೂ ಅಷ್ಟು ನೋಯುವುದಿಲ್ಲ ಅವರು.

ಈ ಮರಿಗಳ ವಿಷಯ ಹೇಳಬೇಕು. ನಮ್ಮ ಕರಿ ಹೇಂಟೆ ನಾಟಿ ಜಾತಿ. ಮೊಟ್ಟೆ ಕಮ್ಮಿ, ಕಾವಿಗೆ ಕೂರುವ ಹಟ ಜಾಸ್ತಿ. ಅತ್ತೆಯ ತಮ್ಮನ ಮನೆಯಲ್ಲಿ ಗಿರಿರಾಜ ಕೋಳಿಗಳಿವೆ. ಗಿರಿರಾಜ ನಮ್ಮ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದವರು 1989ರಲ್ಲಿ ಹೊರತಂದ ತಳಿ, ಹಿತ್ತಲಲ್ಲಿ ಸಾಕುವುದಕ್ಕೆಂದೇ ಮಾಡಿದ್ದು. ಮೈ ದೊಡ್ಡದು, ಬಣ್ಣ ಬಗೆಬಗೆ. ಕಾವು ಕೂರುವ ಸೈರಣೆ ಮಾತ್ರ ಇಲ್ಲ. ಹಾಗಾಗಿ ಮಾವಯ್ಯ ಡಬ್ಬಿಯ ರಾಗಿಯಲ್ಲಿ ಹುದುಗಿಸಿ ಗಿರಿರಾಜ ಮೊಟ್ಟೆ ಕಳಿಸಿದರು. ಮಂಕರಿಗೆ ಹುಲ್ಲು ಹಾಸಿ ಕರಿ ಹೇಂಟೆಯ ಕೆಳಗೆ ಇಟ್ಟೆವು. ವಾರ ಕಳೆದ ಮೇಲೆ ರಾತ್ರಿ ದೀಪ ಆರಿಸಿ, ಮೊಬೈಲ್ ಟಾರ್ಚಿನ ಮೇಲೆ ಒಂದೊಂದೇ ಮೊಟ್ಟೆ ಹಿಡಿದು ನೋಡಿದೆವು. ಒಳಗೆ ಕೆಂಪು ನರಗಳು ಸುತ್ತ ಹಬ್ಬಿದ್ದವು. ನಡುವೆ ಒಂದು ಕಪ್ಪು ಚುಕ್ಕೆ ಸರಕ್ಕನೆ ಅಲ್ಲಾಡಿತು. ಮಗಳು ಕಿರುಚಿದ ಸದ್ದಿಗೆ ಪಕ್ಕದ ಮನೆ ಮೇಷ್ಟ್ರು ಕಾಂಪೌಂಡಿನಿಂದಲೇ, "ಏನಾಯ್ತಮ್ಮಾ?" ಅಂದರು.

ಇಪ್ಪತ್ತೊಂದನೇ ದಿನ ಮರಿ ಆದವು. ಒಂದೂವರೆ ತಿಂಗಳಲ್ಲಿ ತಾಯಿಗೂ ಮಕ್ಕಳಿಗೂ ಹೆಚ್ಚು ವ್ಯತ್ಯಾಸ ಉಳಿಯಲಿಲ್ಲ. ಆದರೂ ಸಂಜೆ ಅಷ್ಟೂ ಅದರ ರೆಕ್ಕೆ ಕೆಳಗೇ ಹೋಗಬೇಕು. ರೆಕ್ಕೆ ಕೆಳಗೆ ತಲೆ, ಉಳಿದ ಮೈ ಎಲ್ಲ ಹೊರಗೆ. ಕರಿ ಹೇಂಟೆ ನೆಲದಿಂದ ಮೇಲೆದ್ದು ಅವುಗಳ ಮೇಲೆ ಕೂತಿರುತ್ತಿತ್ತು.

ಆ ಹೇಂಟೆಯ ಕೂಗಿನಲ್ಲಿ ಲೆಕ್ಕವಿದೆ. ಬೆಕ್ಕು ಕಂಡರೆ ಕೊಕ್ಕೊಕ್ಕೋ ಅಂತ ರಂಪ ಮಾಡುತ್ತದೆ. ಮೇಲೆ ಹದ್ದು ಸುಳಿದರೆ ರಂಪವಿಲ್ಲ, ಒಂದೇ ಎಳೆದ ಸದ್ದು. ಅಷ್ಟಕ್ಕೇ ಮರಿಗಳೆಲ್ಲ ದಾಸವಾಳದ ಬುಡಕ್ಕೆ ನುಗ್ಗಿ ಕಲ್ಲಾಗಿಬಿಡುತ್ತವೆ. ಬೆಂಗಳೂರಿನ ಆಕಾಶದಲ್ಲಿ ಹದ್ದಿಗೇನು ಬರವಿಲ್ಲ, ಆದರೂ ಅದು ನಮ್ಮಿಂದ ಒಯ್ದದ್ದು ಕಡಿಮೆ. ನಷ್ಟ ಮಾಡಿದ್ದು ಮುಂಗುಸಿ. ಹಾಡಹಗಲೇ ಮೋರಿಯಿಂದ ಬಂದು, ನಾನು ಕುಕ್ಕರ್ ಆರಿಸಿ ಬರುವಷ್ಟರಲ್ಲಿ ಎರಡು ಮರಿ ಮುಗಿಸಿ ಹೋಗಿತ್ತು. ಮುಂಗುಸಿ ಬಲಕ್ಕೆ ಹೋದರೆ ಶುಭ ಅಂತಾರೆ. ಇದು ಹೋದದ್ದು ಬಲಕ್ಕೇ.

ಮೇಷ್ಟ್ರ ವಿಷಯಕ್ಕೆ ಬಂದರೆ, ಅವರು ಮೊಟ್ಟೆಯ ಸಿಪ್ಪೆಯನ್ನೂ ಮುಟ್ಟದವರು. ಆದರೆ ನಮ್ಮ ಕೋಳಿಗಳಿಗೆ ತರಕಾರಿ ಸಿಪ್ಪೆ ಬರುವುದು ಅವರ ಮನೆಯಿಂದಲೇ. ಬದಲಿಗೆ ಅವರ ಗುಲಾಬಿಗೆ ನಮ್ಮ ಗೊಬ್ಬರ. ಕೋಳಿ ಗೊಬ್ಬರ ಬಿಸಿ. ಒಣಗಿದ ಎಲೆ ಬೆರೆಸಿ ಕೆಲವು ತಿಂಗಳು ಕೊಳೆಸದೆ ಹಾಕಿದರೆ ಗಿಡ ಸುಟ್ಟುಹೋಗುತ್ತದೆ ಅಂತ ಅತ್ತೆ ಹೇಳಿದ್ದರು. ಮೇಷ್ಟ್ರಿಗೆ ತಾಳ್ಮೆ ಇಲ್ಲ. ಎರಡು ಗುಲಾಬಿ ಹೋದ ಮೇಲೆ ಈಗ ಅವರು ಗೊಬ್ಬರದ ಚೀಲದ ಮೇಲೆ ತಾರೀಕು ಬರೆದಿಡುತ್ತಾರೆ.

ನನಗೆ ಕೇಳಿದರೆ ಇಡೀ ವರ್ಷದ ಒಳ್ಳೆಯ ಕಾಲ ಅವರೆಕಾಯಿಯದು. ಇಬ್ಬನಿ ಬೀಳಬೇಕು, ಕಾಯಿಗೆ ಸೊಗಡು ಏರಬೇಕು. ನಮ್ಮ ಬೇಲಿಯ ಅವರೆ ಮನೆಗೆ ಸಾಲದು. ಮಾರ್ಕೆಟ್ಟಿಂದಲೂ ಚೀಲ ಬರುತ್ತದೆ. ಮಧ್ಯಾಹ್ನದ ಬಿಸಿಲಿಗೆ ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಮೊರ ಇಟ್ಟುಕೊಂಡು ಕೂರುತ್ತಾರೆ. ಚೀಲದ ಗಂಟು ಬಿಚ್ಚಿದ ಸದ್ದಿಗೇ ಕೋಳಿಗಳು ಓಡಿ ಬಂದು ಕಾಲ ಬುಡದಲ್ಲಿ ನಿಲ್ಲುತ್ತವೆ. ಅವರೆಕಾಯಿ ಅಂದಮೇಲೆ ಹುಳ ಇದ್ದದ್ದೇ. ಹಸಿರು, ದಪ್ಪ, ಬಿಡಿಸುವಾಗ ಬೆರಳಿಗೆ ತಣ್ಣಗೆ ತಾಗುವ ಹುಳ. ಉಳಿದ ಮನೆಗಳಲ್ಲಿ ಅದಕ್ಕೆ ಚೀರುತ್ತಾರೆ, ನಮ್ಮಲ್ಲಿ ಅದಕ್ಕೆ ಗಿರಾಕಿ ಇದೆ. ಅತ್ತೆ ಎಸೆದ ಹುಳ ನೆಲ ಮುಟ್ಟಿದ್ದನ್ನು ನಾನು ಕಂಡಿಲ್ಲ. "ಹುಳ ಇಲ್ಲದ ಅವರೆಕಾಯಿ ತಂದಿದ್ದೀಯಲ್ಲೋ, ಔಷಧಿ ಹೊಡೆದದ್ದಾ?" ಅಂತ ಇವರಿಗೆ ಒಂದು ಸಲ ಬೈಗುಳವೂ ಆಯಿತು. ರಾತ್ರಿ ಹಿತಕಿದ ಬೇಳೆ ಸಾರು ನಮಗೆ, ಮಧ್ಯಾಹ್ನದ ಊಟ ಕೋಳಿಗೆ. ಹಿತ್ತಲಲ್ಲಿ ಜಗಳವಿಲ್ಲದ ದಿನಗಳು ಇವಷ್ಟೇ.

ಇಷ್ಟು ತಿಂದೂ ಆ ಕಾಲದಲ್ಲೇ ಮೊಟ್ಟೆ ನಿಲ್ಲಿಸುತ್ತವೆ. ಹಳೇ ಪುಕ್ಕ ಉದುರಿಸಿ, ಕತ್ತು ಬೋಳು ಮಾಡಿಕೊಂಡು, ಮಂಕಾಗಿ ನಿಲ್ಲುತ್ತವೆ. ಹೊಸ ಪುಕ್ಕಕ್ಕೆ ಬೇಕಾದ ಶಕ್ತಿ ಮೊಟ್ಟೆಯಿಂದ ಕಡಿತ. ಜೊತೆಗೆ ಬೆಳಕಿನ ಲೆಕ್ಕ. ನಮ್ಮೂರಲ್ಲಿ ಜೂನ್‌ಗೂ ಡಿಸೆಂಬರ್‌ಗೂ ಹಗಲಿನಲ್ಲಿ ಒಂದೂವರೆ ಗಂಟೆ ವ್ಯತ್ಯಾಸ. ನಮಗೆ ಗೊತ್ತಾಗುವುದಿಲ್ಲ, ಕೋಳಿಗೆ ಗೊತ್ತಾಗುತ್ತದೆ. ಫಾರಂಗಳಲ್ಲಿ ಬಲ್ಬು ಹಾಕಿ ಹಗಲನ್ನು ಎಳೆಯುತ್ತಾರೆ. ಇವರೂ ಗೂಡಿಗೆ ಬಲ್ಬು ಹಾಕೋಣವೇ ಅಂದರು. "ನಿನಗೆ ಆಫೀಸಲ್ಲಿ ಹಂಗೆ ಮಾಡಿದ್ರೆ ಸುಮ್ನಿರ್ತೀಯಾ?" ಅಂದರು ಅತ್ತೆ. ಮಾತು ಅಲ್ಲಿಗೆ ನಿಂತಿತು.

ಬೇಸಿಗೆಯಲ್ಲಿ ನೀರಿನದೇ ಚಿಂತೆ. 2024ರ ಮಾರ್ಚ್‌ನಲ್ಲಂತೂ ಬೋರ್‌ವೆಲ್‌ಗಳು ಒಣಗಿ, ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು. ಅಕ್ಕಿ ತೊಳೆದ ನೀರು ಕರಿಬೇವಿಗೆ, ಪಾತ್ರೆ ತೊಳೆದದ್ದು ಬಾಳೆಗೆ. ಸೊಪ್ಪಿನ ಮಡಿಗಳನ್ನು ಆ ವರ್ಷ ಕೈಬಿಟ್ಟೆವು. ಜಾಲರಿ, ಪರದೆ, ಕ್ರೇಟು ಎಲ್ಲ ತೆಗೆದು ಇಡೀ ಹಿತ್ತಲನ್ನು ಕೋಳಿಗಳಿಗೆ ಬಿಟ್ಟುಕೊಟ್ಟೆವು. ಕೊಕ್ಕು ತೆರೆದು ಏದುಸಿರು ಬಿಡುತ್ತಾ ಬಸಳೆಯ ಬುಡದಲ್ಲಿ ಮಲಗಿದವೇ ಹೊರತು ಒಂದು ಮಡಿಯನ್ನೂ ಕೆದಕಲಿಲ್ಲ. ಬೇಲಿ ಹಾಕಿದ್ದರೆ ತಾನೇ ಅವಕ್ಕೆ ಆಸೆ!

ಇನ್ನು ಪಿಂಟು. ಕರಿ ಹೇಂಟೆಯ ಆ ಮರಿಗಳಲ್ಲಿ ಒಂದು ಹುಂಜವಾಯಿತು. ಮೈಯೆಲ್ಲ ತಾಮ್ರದ ಬಣ್ಣ, ಬಾಲ ಕಪ್ಪು, ಬೆಳಗಿನ ಜಾವ ನಾಲ್ಕಕ್ಕೆ ಕೂಗು. ಯುಗಾದಿ ಹೊತ್ತಿಗೆ ಮೂರು ಕೆಜಿ ದಾಟಿತ್ತು. ಹೊಸತೊಡಕಿಗೆ ಇದೇ ಆಯಿತು ಅಂತ ಅತ್ತೆ ಚಳಿಗಾಲದಿಂದಲೂ ಅಂದುಕೊಂಡಿದ್ದರು. ಅಷ್ಟರಲ್ಲಿ ಮಗಳು ಅದಕ್ಕೆ ಹೆಸರಿಟ್ಟಾಗಿತ್ತು, ಅದೂ ಕರೆದರೆ ಬರುವುದನ್ನು ಕಲಿತಾಗಿತ್ತು. ಹಬ್ಬದ ಹಿಂದಿನ ರಾತ್ರಿ ಮಗಳು ಊಟ ಬಿಟ್ಟಳು. ಅತ್ತೆ ಸ್ವಲ್ಪ ಹೊತ್ತು ಗೊಣಗಿ, "ಹೆಸರಿಟ್ಟ ಮೇಲೆ ಅದು ಸಾರಿಗೆ ಬರಲ್ಲ ಬಿಡು" ಅಂದುಬಿಟ್ಟರು.

ಹೊಸತೊಡಕಿನ ದಿನ ಬೆಳಗಿನ ಆರಕ್ಕೇ ಇವರು ಮಾಂಸದ ಅಂಗಡಿಯ ಮುಂದೆ ಸಾಲಲ್ಲಿ ನಿಂತರು. ನಮ್ಮ ಕಡೆ ಆ ದಿನದ ಸಾಲು ಎಂಥದ್ದು ಅಂತ ಗೊತ್ತಲ್ಲ, ಮುಂದಿನ ರಸ್ತೆಯ ತನಕ. ಮನೇಲಿ ಹುಂಜ ಇಟ್ಟುಕೊಂಡು ಇಲ್ಲೇಕೆ ನಿಂತಿದ್ದೀರಿ ಅಂತ ಗುರುತಿನವರೊಬ್ಬರು ಕೇಳಿದರಂತೆ. ಇವರು ವಾಪಸ್ ಬರುವ ಹೊತ್ತಿಗೆ ಒಂಬತ್ತೂವರೆ. ಯುಗಾದಿಗೆಂದು ಅತ್ತೆ ಹೊಸದಾಗಿ ಚೆಲ್ಲಿದ್ದ ಕೊತ್ತಂಬರಿ ಮಡಿಯ ಮೇಲಿನ ಫ್ಯಾನಿನ ಜಾಲರಿಯನ್ನು ಬದಿಗೆ ತಳ್ಳಿ ಪಿಂಟು ಒಳಗೆ ಇಳಿದಿದ್ದ. ಎಡಗಾಲಲ್ಲಿ ಎರಡು ಸಲ, ಬಲಗಾಲಲ್ಲಿ ಎರಡು ಸಲ. ಸಾರಿಗೆ ಉದುರಿಸುವುದಕ್ಕೆ ಕೊತ್ತಂಬರಿ ಬೇಕು ಅಂತ ಅತ್ತೆ ಇವರನ್ನು ಮತ್ತೆ ಅಂಗಡಿಗೆ ಅಟ್ಟಿದರು.