ಹಸಿರು ದೀಪ ಉರಿದರೆ ಸಾಕು

ನಮ್ಮ ಕಾಂಪ್ಲೆಕ್ಸಿನ ಮೆಟ್ಟಿಲ ಕೆಳಗೆ ಒಂದು ಕೆಂಪು ಡಬ್ಬಿ ಇದೆ. ವಾಚ್‌ಮನ್ ಕಾಕಾ ಅದರ ಮೇಲೆ ಬುತ್ತಿ ಇಡುತ್ತಾರೆ. ಪಕ್ಕದ ಮೊಳೆಗೆ ಅವರ ಟವಲು. ಬೆಂಕಿ ಬಿದ್ದರೆ ನಾಲ್ಕೂ ಅಂತಸ್ತಿಗೆ ಕೇಳುವಂತೆ ಕೂಗಬೇಕಾದ ಫೈರ್ ಅಲಾರ್ಮ್ ಪ್ಯಾನೆಲ್ ಅದು. ಮೂರು ವರ್ಷ ಪಾಪ, ಒಂದು ದಿನವೂ ಬಾಯಿ ತೆರೆದಿರಲಿಲ್ಲ. ಯುಗಾದಿ ಮುಗಿದ ವಾರ ಇದ್ದಕ್ಕಿದ್ದಂತೆ ಕುಂಯ್ ಕುಂಯ್ ಅನ್ನತೊಡಗಿತು. ಹಳದಿ ದೀಪ ಬೇರೆ. ಫಾಲ್ಟ್!

ಏನಾಗಿದೆ ಅಂತ ಯಾರೂ ಕೇಳಲಿಲ್ಲ. ಎಲ್ಲರದೂ ಒಂದೇ ಪ್ರಶ್ನೆ: "ಇದನ್ನ ಸುಮ್ಮನ ಮಾಡೋದು ಹೆಂಗ್ರಿ?"

ಕಾಕಾ ಮೊದಲ ದಿನ ಟವಲು ಹೊದಿಸಿದರು. ಎರಡನೇ ದಿನ ಸದ್ದು ನಿಲ್ಲಿಸುವ ಗುಂಡಿ ಕಂಡುಹಿಡಿದರು. ಅದನ್ನು ಒತ್ತಿದರೆ ಸದ್ದು ಮಾತ್ರ ನಿಲ್ಲುತ್ತದೆ, ದೀಪ ಆರುವುದಿಲ್ಲ. ಅದಕ್ಕೆ ಕಪ್ಪು ಟೇಪು ಅಂಟಿಸಿದರು. ಇಷ್ಟಕ್ಕೇ ಬಿಟ್ಟಿದ್ದರೆ ನಡೆದುಹೋಗುತ್ತಿತ್ತು. ಆದರೆ ನಾನು ಅಂಗಡಿಕಾರರ ಸಂಘದ ಕಾರ್ಯದರ್ಶಿ. ಆಯ್ಕೆಯ ದಿನ ಮೀಟಿಂಗಿಗೆ ತಡವಾಗಿ ಹೋದದ್ದಕ್ಕೆ ಸಿಕ್ಕ ಹುದ್ದೆ ಇದು. ಹಾಗಾಗಿ ಮೆಕ್ಯಾನಿಕ್ಕನ್ನು ಕರೆಸಿದೆ.

ಮೊದಲು ಬಂದವರು ಪ್ಯಾನೆಲ್ ಕಂಪನಿಯವರು. ಹಿಂದಿನ ವಾರ ಎರಡನೇ ಅಂತಸ್ತಿನಲ್ಲಿ ಹೊಗೆ ಪತ್ತೆ ಹಚ್ಚುವ ಎರಡು ಡಿಟೆಕ್ಟರ್ ಕೆಟ್ಟಿದ್ದವು. ನಮ್ಮ ಗುತ್ತಿಗೆದಾರ ಸೋವಿಯಲ್ಲಿ ಸಿಕ್ಕಿದ್ದನ್ನು ತಂದು ಹಾಕಿದ್ದ. "ಎಲ್ಲಾ ಒಂದೇ ರೀ, ಎರಡು ವೈರು, ಇಪ್ಪತ್ನಾಕು ವೋಲ್ಟು" ಅಂದಿದ್ದ. ಹೊಸ ಡಿಟೆಕ್ಟರ್ ಚಾವಣಿಯ ಹಳೆ ಬೇಸ್‌ಗೆ ಕೂಡಲಿಲ್ಲ ಅಂತ ಎಂ-ಸೀಲ್ ಮೆತ್ತಿದ್ದ. ನಮ್ಮದು ಅಡ್ರೆಸ್ಸೆಬಲ್ ಪ್ಯಾನೆಲ್. ಅಂದರೆ ಶಾಲೆಯ ಹಾಜರಿ ಇದ್ದ ಹಾಗೆ. ಪ್ಯಾನೆಲ್ಲು ಒಂದೊಂದೇ ನಂಬರ್ ಕೂಗುತ್ತದೆ, ಆ ನಂಬರಿನ ಡಿಟೆಕ್ಟರ್ ಉತ್ತರ ಕೊಡಬೇಕು. ಕಂಪನಿಗೊಂದು ಭಾಷೆ. ನಮ್ಮ ಪ್ಯಾನೆಲ್ಲು ಕೂಗುವ ಭಾಷೆ ಹೊಸ ಡಿಟೆಕ್ಟರಿಗೆ ಬರುವುದಿಲ್ಲ. ವೋಲ್ಟು ಒಂದೇ ಆದರೆ ಭಾಷೆಯೂ ಒಂದೇ ಆಗುತ್ತಾ? ಸೊಲ್ಲಾಪುರದಲ್ಲೂ ನಮ್ಮಲ್ಲೂ ಕರೆಂಟು 230 ವೋಲ್ಟೇ ಅಲ್ವಾ!

"ಡಿಟೆಕ್ಟರಿನವರನ್ನು ಕೇಳಿ" ಅಂದು ಅವರು ಹೋದರು. ಡಿಟೆಕ್ಟರಿನವರು ಬಂದು "ಪ್ಯಾನೆಲ್ಲೇ ಹಳೇದು, ಬದಲಿಸಿ" ಅಂದರು. ಇಬ್ಬರೂ ನಮ್ಮ ಲೆಕ್ಕದಲ್ಲೇ ಚಹಾ ಕುಡಿದರು. ಇಬ್ಬರೂ ಹೇಳಿದ್ದು ಒಂದೇ ಮಾತು: "ಅವರ ಪ್ರೊಟೊಕಾಲ್ ಬ್ಯಾರೆ." ಆ ಭಾಷೆಗೆ ಅವರಿಟ್ಟ ಹೆಸರು ಅದು. ನಮ್ಮಲ್ಲಿ ಪ್ರೊಟೊಕಾಲ್ ಅಂದರೆ ಮಂತ್ರಿ ಬಂದಾಗ ವೇದಿಕೆ ಮೇಲೆ ಯಾರಿಗೆ ಯಾವ ಕುರ್ಚಿ ಅನ್ನೋದು. ಬಟ್ಟೆ ಅಂಗಡಿ ಸಾವ್ಕಾರರಿಗೆ ತಕ್ಷಣ ಅರ್ಥವಾಯಿತು: "ಹಂಗಾರ ಇದು ಬಗೆಹರಿಯೋ ಜಗಳ ಅಲ್ಲ ಬಿಡ್ರಿ."

ಕೊನೆಗೆ ಸ್ಟೇಷನ್ ರೋಡ್ ಕಡೆಯ ಒಬ್ಬ ವೈರ್‌ಮನ್ ಹುಡುಗ ಬಂದ. ಕೈಯಲ್ಲಿ ಒಂದು ಮಲ್ಟಿಮೀಟರ್, ಹೆಗಲ ಮೇಲೊಂದು ಏಣಿ. ಚಹಾ ಬೇಡ ಅಂದಾಗಲೇ ನನಗೆ ಅನುಮಾನ ಬಂತು, ಇವನು ಕೆಲಸ ಮಾಡುತ್ತಾನೆ ಅಂತ.

14 ನಂಬರಿನ ಡಿಟೆಕ್ಟರುಗಳು ಎರಡು ಸಿಕ್ಕವು. ಪ್ಯಾನೆಲ್ಲು 14 ಅಂದರೆ ಎರಡೂ "ಹಾಜರ್ ಸರ್" ಅನ್ನುತ್ತಿದ್ದವು. ಕ್ಯಾಂಟೀನಿನಲ್ಲಿ ಮಿರ್ಚಿ ಭಜಿ ಕರಿಯುವ ಬಾಣಲೆಯ ನೆತ್ತಿಯ ಮೇಲೆಯೇ ಹೊಗೆಯ ಡಿಟೆಕ್ಟರ್ ಇತ್ತು. ಅಡುಗೆ ಜಾಗಕ್ಕೆ ಶಾಖದ ಡಿಟೆಕ್ಟರ್ ಹಾಕಬೇಕಂತೆ. ಕ್ಯಾಂಟೀನಿನವರು ತಮಗೆ ತಿಳಿದ ಉಪಾಯ ಮಾಡಿದ್ದರು: ಕ್ಯಾರಿ ಬ್ಯಾಗ್ ಹಾಕಿ ರಬ್ಬರ್ ಬ್ಯಾಂಡ್ ಬಿಗಿದಿದ್ದರು. ಮೊದಲನೇ ಅಂತಸ್ತಿನ ಪಡಸಾಲೆಯ ಡಿಟೆಕ್ಟರುಗಳಿಗೆ ಕೂರಿಸಿದ ದಿನ ಧೂಳಿಗೆ ಅಂತ ತೊಡಿಸಿದ ಪ್ಲಾಸ್ಟಿಕ್ ಟೋಪಿಯನ್ನು ಇನ್ನೂ ಯಾರೂ ತೆಗೆದಿರಲಿಲ್ಲ. ಮದುವೆಯಾಗಿ ಮೂರು ವರ್ಷವಾದರೂ ಬಾಸಿಂಗ ಬಿಚ್ಚದ ಮದುಮಗನ ಹಾಗೆ ಸಾಲಾಗಿ ಕೂತಿದ್ದವು.

ನಾಲ್ಕನೇ ಅಂತಸ್ತು ಆಮೇಲೆ ಕಟ್ಟಿದ್ದು. ಅದಕ್ಕೆ ಹಳೆ ಥರದ ಬೇರೆ ಚಿಕ್ಕ ಪ್ಯಾನೆಲ್. ಅದು ಯಾವತ್ತೂ ಹಸಿರು. ನಮಗೆಲ್ಲ ಅದರ ಮೇಲೆ ಅಭಿಮಾನ. "ದೊಡ್ಡದಕ್ಕಿಂತ ಸಣ್ಣದೇ ಶಾಣ್ಯಾ" ಅನ್ನುತ್ತಿದ್ದೆವು. ಹುಡುಗ ಮೇಲೆ ಹೋಗಿ, ಬೆಂಕಿ ಕಂಡರೆ ಒತ್ತುವ ಕೆಂಪು ಡಬ್ಬಿಯನ್ನು ಒತ್ತಿದ. ಸದ್ದಿಲ್ಲ. ಮತ್ತೆ ಒತ್ತಿದ. ಹಸಿರು ದೀಪ ನಗುತ್ತಲೇ ಇತ್ತು.

"ಗೋಳಗುಮ್ಮಟದಾಗ ಒಂದು ಚಪ್ಪಾಳಿ ಹೊಡದ್ರ ಏಳು ಸಲ ಕೇಳ್ತೈತ್ರಿ" ಅಂದರು ಕಾಕಾ. "ಇಲ್ಲಿ ಏಳು ಸಲ ಒತ್ತಿದ್ರೂ ಒಮ್ಮೆನೂ ಇಲ್ಲ." 1656ರಲ್ಲಿ ಮುಗಿದ ಕಟ್ಟಡ ಅದು. ಒಂದು ಗೇಣು ವೈರಿಲ್ಲ.

ಹುಡುಗ ಚಿಕ್ಕ ಪ್ಯಾನೆಲ್ ಬಿಚ್ಚಿ ತೋರಿಸಿದ. ಒಳಗೆ ಟರ್ಮಿನಲ್ಲಿಗೇ ಕರೆಂಟಿಗೆ ತಡೆ ಒಡ್ಡುವ ಒಂದು ಪುಟ್ಟ ರೆಸಿಸ್ಟರ್ ತಿರುಪಿದ್ದರು. ಹಳದಿ, ನೇರಳೆ, ಕೆಂಪು ಪಟ್ಟಿ, 4.7 ಕಿಲೋ ಓಮ್. ಇದು ಇರಬೇಕಾದ್ದು ವೈರಿನ ಕಟ್ಟಕಡೆಯ ಡಿಟೆಕ್ಟರಿನಲ್ಲಿ. ಪ್ಯಾನೆಲ್ಲು ಸಣ್ಣ ಕರೆಂಟು ಕಳಿಸುತ್ತದೆ. ಅದು ಕೊನೆಯ ರೆಸಿಸ್ಟರ್ ಮುಟ್ಟಿ ಬಂದರೆ ದಾರಿಯೆಲ್ಲ ಸರಿ ಇದೆ ಅಂತ ಲೆಕ್ಕ. ನಡುವೆ ಎಲ್ಲಿ ತುಂಡಾದರೂ ಫಾಲ್ಟ್. ರೆಸಿಸ್ಟರನ್ನು ಬಾಗಿಲಲ್ಲೇ ಹಾಕಿಬಿಟ್ಟರೆ ಕರೆಂಟು ಹೊಸ್ತಿಲು ದಾಟುವುದೇ ಬೇಡ. ಕೊನೆಯ ಹಳ್ಳಿಗೆ ಹೋಗದೆ ಆಫೀಸಿನಲ್ಲೇ ಕೂತು ಬರೆದ ಭೇಟಿ ವರದಿ ಇದ್ದ ಹಾಗೆ. ಎಲ್ಲ ಕ್ಷೇಮ, ಸಹಿ.

ಮೇಲಿನ ಡಿಟೆಕ್ಟರುಗಳ ವೈರು ಎಲ್ಲಿ ಅಂತ ಹುಡುಕಿದೆವು. ಕೋಚಿಂಗ್ ಕ್ಲಾಸಿನವರು ಅದರಿಂದ ಬ್ಯಾನರ್ ಕಟ್ಟಿದ್ದರು. ಶೇಕಡಾ ನೂರು ಫಲಿತಾಂಶದ ಬ್ಯಾನರ್.

ಸಂಜೆ ಮೀಟಿಂಗ್ ಕರೆದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೇ ಭಾಗ ಪೂರ್ತಿ ಬೆಂಕಿಯದೇ ಅಂದೆ. ಅಲಾರ್ಮಿಗೆ ಐಎಸ್ 2189 ಅಂತಲೇ ಬೇರೆ ಮಾನದಂಡ ಇದೆ ಅಂದೆ. "ಝೆರಾಕ್ಸ್ ಮಾಡಿ ಫೈಲಿಗೆ ಹಾಕ್ರಿ, ತೂಕ ಬರ್ತೈತಿ" ಅಂದರು ಖಜಾಂಚಿ. 2010ರಲ್ಲಿ ಬೆಂಗಳೂರಿನ ಕಾರ್ಲ್ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು 9 ಜನ ಸತ್ತದ್ದು ನೆನಪಿಸಿದೆ. "ಅದು ಏಳಂತಸ್ತು ರೀ, ನಮ್ಮದು ನಾಕ" ಅಂದರು ಸಾವ್ಕಾರರು.

ಹುಡುಗ ಮೆಲ್ಲಗೆ ಹೇಳಿದ: "ರೆಸಿಸ್ಟರ್ ತೆಗೆದು ಕೊನೀಗೆ ಹಾಕ್ತೀನ್ರಿ. ವೈರ್ ಪೂರಾ ಹೊಸದು ಎಳಿಯೋತನ ಸಣ್ಣ ಪ್ಯಾನೆಲ್ಲೂ ಫಾಲ್ಟ್ ತೋರಸ್ತೈತ್ರಿ."

ಸಭೆ ಸ್ತಬ್ಧ. ಮುಂದಿನ ವಾರ ಸರ್ಟಿಫಿಕೇಟ್ ನವೀಕರಣಕ್ಕೆ ನೋಡಲು ಬರುವವರಿದ್ದರು. "ಅಂದ್ರ ಹಸರು ದೀಪ ಹೋಗ್ತೈತಿ?" ಖಜಾಂಚಿಗಳ ದನಿ ನಡುಗಿತು. ಎಲ್ಲರೂ ನನ್ನ ಕಡೆ ತಿರುಗಿದರು. ಮೂರು ವರ್ಷ ಸರಿ ಇದ್ದದ್ದನ್ನು ಬಿಚ್ಚಿಸಿ ಕೆಡಿಸಿದವನು ನಾನೇ ತಾನೇ!

ವೈರಿನ ಅಂದಾಜು ಪಟ್ಟಿ ಯಾರೂ ಓದಲಿಲ್ಲ. ಸಾವ್ಕಾರರು ಎದ್ದು ನಿಂತು ಸೂಚನೆ ಮಂಡಿಸಿದರು: ಪ್ಯಾನೆಲ್ ಪಕ್ಕಕ್ಕೆ ಬೇರೊಂದು ಹಸಿರು ಬಲ್ಬು ಹಚ್ಚಿಬಿಡುವುದು, ಮೀಟರ್ ಬೋರ್ಡಿನಿಂದಲೇ ನೇರ ಲೈನ್ ಕೊಟ್ಟರೆ ಯಾವ ಫಾಲ್ಟೂ ಬರುವುದಿಲ್ಲ. ಸರ್ವಾನುಮತದಿಂದ ಪಾಸಾಯಿತು. ಕಾರ್ಯದರ್ಶಿ ಅಂತ ನಾನೇ ಬರೆದುಕೊಂಡೆ.

ಕಾಕಾ ಈಗ ಬಜಾರಿಗೆ ಹೋಗಿದ್ದಾರೆ. ಅಂಗಡಿಯಿಂದಲೇ ಫೋನು: "ಸರ, ಝೀರೋ ಬಲ್ಬ್ ಸಾಕೇನ್ರಿ, ದೊಡ್ಡದು ತರಲ್ಯಾ?"