ಗಿಟಾರಿಗೆ ಬಿಸಿಲು ಕಾಯಿಸಿದ್ದು

ನನ್ನ ಎಲೆಕ್ಟ್ರಿಕ್ ಗಿಟಾರಿನ ಬಣ್ಣಕ್ಕೆ ಸನ್‌ಬರ್ಸ್ಟ್ ಅನ್ನುತ್ತಾರೆ. ನಡುವೆ ಹಳದಿ, ಸುತ್ತ ಕೆಂಪು, ಅಂಚಿಗೆ ಕಪ್ಪು. ಒಂದು ಬಣ್ಣ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಅಂತ ಗೊತ್ತಾಗಬಾರದು. ಸ್ಪ್ರೇ ಗನ್ ಹಿಡಿದವನ ಕೈಚಳಕ ಇರೋದೇ ಅಲ್ಲಿ. ವಿಜಯಪುರದ ನಮ್ಮ ಮನೆಗೆ ಬರುವವರಿಗೆ ಮಾತ್ರ ಅದು ಸುಟ್ಟ ಕಟ್ಟಿಗೆ.

ಬೇಸಿಗೆಗೆ ಬಂದ ದೊಡ್ಡವ್ವ ನೋಡಿದವಳೇ, "ಯಾಕೋ, ಒಲಿ ಮುಂದ ಇಟ್ಟಿದ್ದೇನು ಇದನ್ನ?" ಅಂದಳು.

ಸುಮ್ನೆ ಹೂಂ ಅಂದಿದ್ದರೆ ಮುಗಿಯುತ್ತಿತ್ತು. ನಾನು ಕಥೆ ಶುರು ಮಾಡಿದೆ. 1954ರಲ್ಲಿ ಫೆಂಡರ್ ಕಂಪನಿಯವರ ಸ್ಟ್ರಾಟೋಕಾಸ್ಟರ್ ಗಿಟಾರ್ ಬಂದಾಗ ಈ ಬಣ್ಣದಲ್ಲಿ ಹಳದಿ, ಕಪ್ಪು ಎರಡೇ. ಕೆಂಪು ಸೇರಿದ್ದು 1958ರಲ್ಲಿ. ಅದೇ ವರ್ಷ ಇನ್ನೊಂದು ಕಂಪನಿ ಗಿಬ್ಸನ್‌ನವರೂ ತಮ್ಮ ಲೆಸ್ ಪಾಲ್ ಗಿಟಾರಿಗೆ ಚೆರ್ರಿ ಸನ್‌ಬರ್ಸ್ಟ್ ಹೊಡೆದರು. ಆ ಕೆಂಪು ಬಿಸಿಲಿಗೆ ತಡೆಯಲಿಲ್ಲ. ಅಂಗಡಿ ಕಿಟಕಿಯಲ್ಲಿ ನೇತುಹಾಕಿದವು ಮಾಸಿ, ಕೆಲವು ಜೇನಿನ ಬಣ್ಣಕ್ಕೆ ತಿರುಗಿದವು. 1960ರವರೆಗಿನ ಆ ಗಿಟಾರುಗಳಿಗೆ ಈಗ ಕೋಟಿಗಟ್ಟಲೆ ರೂಪಾಯಿ.

"ಬಿಸಲಿಗೆ ಬಣ್ಣ ಹೋದದ್ದಕ್ಕ ಕೋಟಿ?"

"ಹೂಂ ದೊಡ್ಡವ್ವ."

ಮರುದಿನ ಮಧ್ಯಾಹ್ನ ಗಿಟಾರ್ ಕಾಣಲಿಲ್ಲ. ಮಾಳಿಗೆ ಹತ್ತಿದೆ. ಏಪ್ರಿಲ್ ಬಿಸಿಲು, ಕಾಲಿಟ್ಟರೆ ಚುರ್ ಅನ್ನುತ್ತಿತ್ತು. ಹಳೇ ಧೋತರದ ಮೇಲೆ ಸಾಲಾಗಿ ಸಂಡಿಗೆ, ಸಾಲಿನ ಕೊನೆಗೆ ನನ್ನ ಗಿಟಾರ್. ದೊಡ್ಡವ್ವ ಮಾತ್ರ ಕೊಡೆ ಹಿಡಿದು ನೆರಳಲ್ಲಿ ಕುಳಿತಿದ್ದಳು.

"ಕಾಗಿನೂ ಹತ್ರ ಬರವಲ್ಲವು ನೋಡು," ಅಂತ ಬೇರೆ ಹೊಗಳಿದಳು.

ಎತ್ತಲು ಹೋದೆ, ತಂತಿ ಕೂರುವ ಬ್ರಿಜ್‌ನ ಕಬ್ಬಿಣ ಬೆರಳು ಸುಟ್ಟಿತು. ತಂತಿಗಳು ಸಡಿಲಾಗಿ ಸ್ವರ ಇಳಿದಿತ್ತು. ತಂತಿಯ ನಾದ ಹಿಡಿಯುವ ಪಿಕಪ್ ಮೇಲೆ ಒಂದು ಸಂಡಿಗೆ ಬಿದ್ದು, ಅಲ್ಲೇ ಒಣಗಿ, ಗಟ್ಟಿಯಾಗಿ ಕೂತಿತ್ತು. ಹಲ್ಲುಕಡ್ಡಿಯಿಂದ ಕೆರೆದು ತೆಗೆದೆ. ಸಂಜೆ ತಂಪಾದ ಮೇಲೂ ನೆಕ್, ಅಂದರೆ ಗಿಟಾರಿನ ಕತ್ತು, ಸ್ವಲ್ಪ ಬಾಗಿದಂತೆ ಇತ್ತು. ಎಲ್ ಕೀ ಹಾಕಿ ಒಳಗಿನ ಸರಳನ್ನು ಕಾಲು ಸುತ್ತು ಬಿಗಿ ಮಾಡಿದ ಮೇಲೆ ಒಂದು ಹದಕ್ಕೆ ಬಂತು.

ಬಣ್ಣ? ಅದಕ್ಕೇನೂ ಆಗಿರಲಿಲ್ಲ. ನನ್ನದು ಅಗ್ಗದ ಗಿಟಾರ್, ಮೇಲೆ ದಪ್ಪ ಪಾಲಿಯೆಸ್ಟರ್ ಲೇಪ. ಇಂಥದ್ದರ ಬಣ್ಣ ಅಷ್ಟು ಬೇಗ ಎಲ್ಲಿ ಮಾಸುತ್ತದೆ? ಇದನ್ನೂ ದೊಡ್ಡವ್ವನಿಗೆ ಬಿಡಿಸಿ ಹೇಳಿದೆ. ಅವಳು ಕನ್ನಡಕ ಏರಿಸಿ, ಗಿಟಾರನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಒಂಚೂರೂ ಬಿಳಿಚಿಲ್ಲ. ಇನ್ನೂ ಮೂರ್ನಾಕು ದಿನ ಇಡಬೇಕಾಗತೈತಿ."