ಹೈಡ್ರೋಜನ್ ಸಂಶೋಧನೆಗೆ ಮೂರು ವರ್ಷದ ಗಡುವು ಸಾಲದು

ಹೋದ ವಾರ ಸಂಜೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. "ಮೇಡಂ, ನೀವು ಮೊದಲು ಕೆಲಸ ಮಾಡ್ತಿದ್ದ ಲ್ಯಾಬ್‌ನಲ್ಲೇ ನಾನೀಗ ಜೂನಿಯರ್ ರಿಸರ್ಚ್ ಫೆಲೋ. ನಿಮ್ಮ ಹಳೇ ರಿಪೋರ್ಟ್ ಸಿಕ್ತು. ಎಂಇಎನ ಪ್ರೆಸ್‌ನಲ್ಲಿ ಎಷ್ಟು ಹೊತ್ತು ಬಿಡ್ತಿದ್ರಿ? ನಾವು ಮಾಡಿದ್ದೆಲ್ಲ ಪದರ ಪದರವಾಗಿ ಬಿಟ್ಕೊಳ್ತಿದೆ" ಅಂದ ಹುಡುಗ.

ಗೊತ್ತಿಲ್ಲದವರಿಗೆ ಎರಡು ಮಾತು. ಫ್ಯೂಯೆಲ್ ಸೆಲ್ ಅಂದರೆ ಒಂದು ಕಡೆಯಿಂದ ಹೈಡ್ರೋಜನ್, ಇನ್ನೊಂದು ಕಡೆಯಿಂದ ಗಾಳಿ ಬಿಟ್ಟರೆ ವಿದ್ಯುತ್ತು ಕೊಟ್ಟು ನೀರು ಹೊರಹಾಕುವ ಸಾಧನ. ಅದರ ಜೀವ ಇರುವುದು ನಡುವಿನ ತೆಳು ಮೆಂಬ್ರೇನ್‌ನಲ್ಲಿ. ಅದನ್ನು ಮೊದಲು ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ, ಆಮೇಲೆ ನೀರಲ್ಲಿ, ಆಮೇಲೆ ತೆಳು ಸಲ್ಫ್ಯೂರಿಕ್ ಆಸಿಡ್‌ನಲ್ಲಿ, ಮತ್ತೆ ನೀರಲ್ಲಿ ಬಿಸಿ ಮಾಡಬೇಕು. ಕಾರ್ಬನ್ ಪೇಪರಿನ ಮೇಲೆ ಪ್ಲಾಟಿನಂ ಇಂಕನ್ನು ಒಂದೊಂದೇ ಪದರ ಬಳಿದು, ಒಣಗಿಸಿ, ಪ್ರತಿಸಲವೂ ತೂಕ ನೋಡಬೇಕು. ಕೊನೆಗೆ ಮೆಂಬ್ರೇನ್‌ನ ಎರಡೂ ಬದಿಗೆ ಅದನ್ನಿಟ್ಟು 130 ಡಿಗ್ರಿಯ ಆಸುಪಾಸಿನಲ್ಲಿ ಒತ್ತಬೇಕು. ಹೀಗೆ ಒತ್ತಿ ಒಂದಾದ ಹಾಳೆಯೇ ಎಂಇಎ.

ನಾನು ಹೇಳಿದೆ: "ತೊಂದರೆ ಇರೋದು ಹೊತ್ತಿನಲ್ಲಲ್ಲಪ್ಪ. ಮೆಂಬ್ರೇನ್ ಪೂರ್ತಿ ಒಣಗಿಸ್ಬೇಡ, ಮೇಲಿನ ನೀರು ಮಾತ್ರ ಪೇಪರಿನಲ್ಲಿ ಒತ್ತಿ ತೆಗಿ. ಬಿಸಿ ಇರುವಾಗ್ಲೇ ಪ್ರೆಸ್ ಬಿಚ್ಬೇಡ, ಒತ್ತಡದಲ್ಲೇ ತಣ್ಣಗಾಗ್ಲಿ." ಆ ಕಡೆ ಪೆನ್ನು ಓಡುವ ಸದ್ದು ಕೇಳಿಸ್ತು.

ಈ ಎರಡು ಮಾತು ಕಲಿಯಲು ನಮಗೆ ಎಂಟು ತಿಂಗಳು ಹಿಡಿದಿತ್ತು. ಹಾಳಾದ ಮೆಂಬ್ರೇನ್ ಚೂರುಗಳನ್ನು ಡಬ್ಬಿಯಲ್ಲಿ ತುಂಬಿಟ್ಟಿದ್ದೆವು, ಪ್ಲಾಟಿನಂ ಇದೆಯಲ್ಲ, ಎಸೆಯಲು ಮನಸ್ಸು ಬರುತ್ತಿರಲಿಲ್ಲ. ರಿಪೋರ್ಟಿನಲ್ಲಿ ಬರೆದದ್ದು "ಹಾಟ್ ಪ್ರೆಸ್ ಮಾಡಲಾಯಿತು" ಅಂತ ಒಂದೇ ಸಾಲು. ಮೂರು ವರ್ಷಕ್ಕೆ ಪ್ರಾಜೆಕ್ಟ್ ಮುಗಿಯಿತು. ಮುಂದಿನ ಹಂತದ ಅರ್ಜಿಗೆ ಒಂದೂವರೆ ವರ್ಷ ಉತ್ತರ ಬರಲಿಲ್ಲ. ನಾಲ್ಕು ಜನ ಇದ್ದೆವು, ನಾಲ್ಕೂ ಜನ ಬೇರೆ ಬೇರೆ ಕೆಲಸ ಹಿಡಿದೆವು. ಕಲಿತದ್ದೂ ನಮ್ಮ ಜೊತೆಗೇ ಲ್ಯಾಬ್ ಬಿಟ್ಟು ಬಂತು. ಈಗ ಸರ್ಕಾರ ಮತ್ತೆ ದುಡ್ಡು ಕೊಟ್ಟು ಅದೇ ಎಂಟು ತಿಂಗಳ ಪಾಠವನ್ನು ಈ ಹುಡುಗನಿಗೆ ಕಲಿಸುತ್ತಿದೆ. ಫೋನ್ ಇಟ್ಟ ಮೇಲೆ ನನಗೆ ಬಹಳ ಹೊತ್ತು ಬೇಜಾರಾಯಿತು.

2023ರ ಜನವರಿ 4ರಂದು ಕೇಂದ್ರ ಸಂಪುಟ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಾಗ ಎಲ್ಲರಿಗಿಂತ ಖುಷಿಪಟ್ಟವಳು ನಾನು. ಒಟ್ಟು 19,744 ಕೋಟಿ ರೂಪಾಯಿ. 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಹಸಿರು ಹೈಡ್ರೋಜನ್, ಅಂದರೆ ಬಿಸಿಲು, ಗಾಳಿಯಂಥ ನವೀಕರಿಸಬಹುದಾದ ಮೂಲಗಳಿಂದ ತೆಗೆದ ಹೈಡ್ರೋಜನ್, ತಯಾರಿಸುವ ಗುರಿ. ಸರಿ, ದೊಡ್ಡ ಕನಸೇ. ಆದರೆ ಹಂಚಿಕೆ ನೋಡಿ. 17,490 ಕೋಟಿ ಕಂಪನಿಗಳಿಗೆ ಪ್ರೋತ್ಸಾಹಧನ. ಅದರಲ್ಲಿ 13,050 ಕೋಟಿ ಹೈಡ್ರೋಜನ್ ಉತ್ಪಾದನೆಗೆ, 4,440 ಕೋಟಿ ಎಲೆಕ್ಟ್ರೋಲೈಸರ್ (ವಿದ್ಯುತ್ತಿನಿಂದ ನೀರನ್ನು ಒಡೆದು ಹೈಡ್ರೋಜನ್ ತೆಗೆಯುವ ಯಂತ್ರ) ತಯಾರಿಕೆಗೆ. ಪ್ರಾಯೋಗಿಕ ಯೋಜನೆಗಳಿಗೆ 1,466 ಕೋಟಿ. ಸಂಶೋಧನೆ ಮತ್ತು ಅಭಿವೃದ್ಧಿಗೆ 400 ಕೋಟಿ. ನೂರು ರೂಪಾಯಿಯಲ್ಲಿ ಎರಡು ರೂಪಾಯಿ.

ಕಾರ್ಖಾನೆಗೆ ಕೊಡಬೇಡಿ ಅಂತ ನಾನು ಹೇಳುತ್ತಿಲ್ಲ. ಆದರೆ ಎಲೆಕ್ಟ್ರೋಲೈಸರ್ ಒಳಗಿನ ಮೆಂಬ್ರೇನ್, ಕ್ಯಾಟಲಿಸ್ಟ್ (ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು) ಎರಡನ್ನೂ ಹೊರಗಿಂದ ತರಿಸಿ ಇಲ್ಲಿ ಜೋಡಿಸಿದರೆ, ಸಬ್ಸಿಡಿ ನಿಂತ ದಿನ ನಮ್ಮ ಕೈಯಲ್ಲಿ ಉಳಿಯುವುದು ಶೆಡ್ಡು ಮತ್ತು ನಟ್ಟುಬೋಲ್ಟು. ಒಂದು ಕಿಲೋ ಹೈಡ್ರೋಜನ್‌ಗೆ ತಾತ್ವಿಕವಾಗಿ ಸುಮಾರು 39 ಯೂನಿಟ್ ವಿದ್ಯುತ್ತು ಸಾಕು. ಇವತ್ತಿನ ಯಂತ್ರಗಳು 50ಕ್ಕೂ ಹೆಚ್ಚು ತಿನ್ನುತ್ತವೆ. ಆ ಹನ್ನೊಂದು ಹನ್ನೆರಡು ಯೂನಿಟ್ಟನ್ನು ಕಡಿಮೆ ಮಾಡುವವರು ಲ್ಯಾಬ್‌ನಲ್ಲಿ ಕೂತವರು. ಆಮ್ಲದ ಮೆಂಬ್ರೇನ್ ಬಳಸುವ ಎಲೆಕ್ಟ್ರೋಲೈಸರ್‌ಗೆ ಇರಿಡಿಯಂ ಬೇಕು, ಭೂಮಿಯ ಮೇಲೆ ಅತ್ಯಂತ ವಿರಳವಾದ ಲೋಹಗಳಲ್ಲಿ ಅದೂ ಒಂದು. ಅದಿಲ್ಲದೆ ನಡೆಯುವ ದಾರಿ ಹುಡುಕಬೇಕಾದವರೂ ಅವರೇ.

ಮತ್ತೆ ಮೂರು ವರ್ಷದ ಮಾತಿಗೆ ಬರುತ್ತೇನೆ. ನಮ್ಮ ದೇಶಕ್ಕೆ ಹೈಡ್ರೋಜನ್ ಹೊಸದಲ್ಲ. 1993ರಲ್ಲಿ ಅಮೆರಿಕದ ಒತ್ತಡಕ್ಕೆ ರಷ್ಯಾ ಕ್ರಯೋಜೆನಿಕ್ ಎಂಜಿನ್‌ನ ತಂತ್ರಜ್ಞಾನ ಕೊಡಲ್ಲ ಅಂದಿತು. ಮರುವರ್ಷ ಸರ್ಕಾರ ಇಸ್ರೋಗೆ ಸ್ವಂತ ಎಂಜಿನ್ ಮಾಡಲು ದುಡ್ಡು ಮಂಜೂರು ಮಾಡಿತು. ಮೈನಸ್ 253 ಡಿಗ್ರಿಯ ದ್ರವ ಹೈಡ್ರೋಜನ್ ಪಳಗಿಸುವ ಕೆಲಸ. 2010ರ ಏಪ್ರಿಲ್‌ನಲ್ಲಿ ಮೊದಲ ಹಾರಾಟ ವಿಫಲ, ರಾಕೆಟ್ ಸಮುದ್ರದ ಪಾಲು. ಹದಿನಾರು ವರ್ಷದ ದುಡ್ಡು ನೀರಿಗೆ ಬಿತ್ತು ಅಂತ ಬಾಗಿಲು ಹಾಕಿದ್ದರೆ? ಹಾಕಲಿಲ್ಲ. 2014ರ ಜನವರಿ 5ರಂದು ಸ್ವಂತ ಎಂಜಿನ್ ಹೊತ್ತ ಜಿಎಸ್‌ಎಲ್‌ವಿ-ಡಿ5 ರಾಕೆಟ್ ಗೆದ್ದಿತು. ಇಪ್ಪತ್ತು ವರ್ಷ, ಮಧ್ಯೆ ಒಂದು ದೊಡ್ಡ ಸೋಲು, ಆದರೂ ತಂಡ ಚದುರಲಿಲ್ಲ. ಅದೇ ಇಸ್ರೋ 2024ರ ಜನವರಿಯಲ್ಲಿ ಪಿಎಸ್‌ಎಲ್‌ವಿ-ಸಿ58 ರಾಕೆಟ್‌ನ ಕೊನೇ ಹಂತದಲ್ಲಿ ಪುಟ್ಟ ಫ್ಯೂಯೆಲ್ ಸೆಲ್ ಒಂದನ್ನು ಬಾಹ್ಯಾಕಾಶದಲ್ಲೇ ಓಡಿಸಿ 180 ವ್ಯಾಟ್ ತೆಗೆಯಿತು. ಆ ಸುದ್ದಿ ಓದಿದ ದಿನ ನನಗೆ ಕಣ್ಣು ತುಂಬಿ ಬಂದಿತ್ತು.

ಇನ್ನೊಂದು ಕಥೆಯೂ ನಮ್ಮದೇ. 2006ರ ರಾಷ್ಟ್ರೀಯ ಹೈಡ್ರೋಜನ್ ಮಾರ್ಗಸೂಚಿಯಲ್ಲಿ 2020ರ ಹೊತ್ತಿಗೆ ಹತ್ತು ಲಕ್ಷ ಹೈಡ್ರೋಜನ್ ವಾಹನಗಳು ಅಂತ ಬರೆದಿತ್ತು. ನೀವು ರಸ್ತೆಯಲ್ಲಿ ಒಂದಾದರೂ ನೋಡಿದ್ದೀರಾ? ಗುರಿ ಬರೆಯುವುದು ಒಂದು ದಿನದ ಕೆಲಸ, ಅದರ ಹಿಂದೆ ಹದಿನಾಲ್ಕು ವರ್ಷ ದುಡ್ಡು, ಜನ ಎರಡನ್ನೂ ನಿಲ್ಲಿಸದೆ ಇಡುವುದು ಬೇರೆ ಕೆಲಸ. ಜಪಾನ್ 1973ರ ತೈಲ ಬಿಕ್ಕಟ್ಟಿನ ಬಿಸಿಯಲ್ಲಿ, 1974ರಲ್ಲಿ, ಶುರು ಮಾಡಿದ ಸನ್‌ಶೈನ್ ಯೋಜನೆಯಲ್ಲೇ ಹೈಡ್ರೋಜನ್ ಇತ್ತು. 2009ರಿಂದ ಅಲ್ಲಿ ಮನೆಗಳಿಗೆ ಫ್ಯೂಯೆಲ್ ಸೆಲ್ ಮಾರಾಟವಾಗುತ್ತಿವೆ, ಲಕ್ಷಗಟ್ಟಲೆ.

ಕಾರಿನ ವಿಷಯದಲ್ಲಿ ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ವಿದ್ಯುತ್ತನ್ನು ಹೈಡ್ರೋಜನ್ ಮಾಡಿ, ಮತ್ತೆ ವಿದ್ಯುತ್ ಮಾಡುವಾಗ ಅರ್ಧಕ್ಕಿಂತ ಹೆಚ್ಚು ಸೋರಿಹೋಗುತ್ತದೆ. ಕಾರಿಗೆ ಬ್ಯಾಟರಿಯೇ ಸಾಕು. ಆದರೆ ಮಂಗಳೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್‌ನಲ್ಲಿ ಡೀಸೆಲ್‌ನಿಂದ ಗಂಧಕ ತೆಗೆಯಲು ಹೈಡ್ರೋಜನ್ ಬೇಕೇ ಬೇಕು. ಪಣಂಬೂರಿನ ಗೊಬ್ಬರ ಕಾರ್ಖಾನೆಯ ಯೂರಿಯಾಗೆ ಅಮೋನಿಯಾ ಬೇಕು, ಅಮೋನಿಯಾಗೆ ಹೈಡ್ರೋಜನ್ ಬೇಕು. ಮಂಡ್ಯದ ಗದ್ದೆಗೆ ಬೀಳುವ ಯೂರಿಯಾ ಮೂಟೆಯ ಹಿಂದೆ ಇರುವುದು ಇದೇ ಅನಿಲ. ಇದನ್ನೀಗ ನೈಸರ್ಗಿಕ ಅನಿಲದಿಂದ ತೆಗೆಯುತ್ತೇವೆ, ಕಿಲೋಗೆ ಒಂಬತ್ತು ಹತ್ತು ಕಿಲೋ ಇಂಗಾಲದ ಡೈಆಕ್ಸೈಡ್ ಬಿಡುತ್ತಾ. ಬ್ಯಾಟರಿ ಇಲ್ಲಿ ಉಪಯೋಗಕ್ಕೆ ಬರಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ದಾಸಪ್ಪ ಅವರ ತಂಡ ಕೃಷಿ ತ್ಯಾಜ್ಯದಂಥ ಜೀವರಾಶಿಯ ಒಂದು ಕಿಲೋದಿಂದ 100 ಗ್ರಾಂ ಹೈಡ್ರೋಜನ್ ತೆಗೆದು ತೋರಿಸಿದೆ. ಜೀವರಾಶಿಯಲ್ಲಿರುವುದು 60 ಗ್ರಾಂ ಮಾತ್ರ, ಉಳಿದದ್ದು ಜೊತೆಗೆ ಬಿಡುವ ಹಬೆಯಿಂದ. ದಾಸಪ್ಪನವರ ಕೆಲಸದ ಹಿಂದೆ ಆ ಕ್ಯಾಂಪಸ್‌ನಲ್ಲಿ ಗ್ಯಾಸಿಫೈಯರ್‌ಗಳ (ಜೀವರಾಶಿಯನ್ನು ಬಿಸಿ ಮಾಡಿ ಅನಿಲವಾಗಿಸುವ ಯಂತ್ರಗಳ) ಮೇಲೆ ದಶಕಗಳ ದುಡಿಮೆ ಇದೆ. ಮೂರು ವರ್ಷದ ಪ್ರಾಜೆಕ್ಟ್‌ನಲ್ಲಿ ಅದು ಆಗುತ್ತಿರಲಿಲ್ಲ.

ಹಾಗಾಗಿ ನಾನು ಕೇಳುವುದು ಮೊದಲು ಮೊತ್ತ ಹೆಚ್ಚಿಸಿ ಅಂತಲ್ಲ. ನಾಲ್ಕೈದು ಲ್ಯಾಬ್‌ಗಳನ್ನು ಆರಿಸಿ, ಹತ್ತು ವರ್ಷ ದುಡ್ಡು ಬರುತ್ತದೆ ಅಂತ ಭರವಸೆ ಕೊಡಿ, ಮಧ್ಯೆ ಎರಡು ಸಲ ಕಟ್ಟುನಿಟ್ಟಾಗಿ ಪರೀಕ್ಷಿಸಿ. ಸೆಲ್‌ಗಳನ್ನು ಓಡಿಸಿ ಪರೀಕ್ಷಿಸುವ ಟೆಸ್ಟ್ ಸ್ಟೇಷನ್ ನಡೆಸುವ ಟೆಕ್ನಿಷಿಯನ್‌ಗೆ ಕಾಯಂ ಕೆಲಸ ಕೊಡಿ. ದುಡ್ಡನ್ನು ಫೆಬ್ರವರಿಯಲ್ಲಿ ಬಿಡುಗಡೆ ಮಾಡಿ ಮಾರ್ಚ್ 31ರೊಳಗೆ ಯುಸಿ, ಅಂದರೆ ದುಡ್ಡು ಖರ್ಚಾದ ಪ್ರಮಾಣಪತ್ರ, ಕೇಳಬೇಡಿ. ನಮ್ಮ ಕಾಲದಲ್ಲಿ ಒಂದು ವರ್ಷ ಹಾಗೇ ಆಯಿತು. ಮೆಂಬ್ರೇನ್ ಹೊರದೇಶದಿಂದ ಬರಲು ತಿಂಗಳುಗಳು ಬೇಕು, ಇದ್ದದ್ದು ಐದು ವಾರ. ಬೇಕಾದ್ದು ತರಿಸಲಾಗದೆ, ಅಷ್ಟರಲ್ಲಿ ಸಿಗುವ ಕಂಪ್ಯೂಟರು, ಗಾಜಿನ ಸಾಮಾನು ಕೊಂಡು ಲೆಕ್ಕ ಮುಗಿಸಿದೆವು.

ಆ ಹುಡುಗ ನಿನ್ನೆ ಫೋಟೊ ಕಳಿಸಿದ್ದ. ಈ ಸಲ ಬಿಟ್ಟುಕೊಂಡಿಲ್ಲ, ಚೆನ್ನಾಗಿ ಅಂಟಿದೆ. ಇನ್ನು ಸಾವಿರ ಗಂಟೆ ಓಡಿಸಿ ನೋಡಬೇಕು, ಅಂದರೆ ಹಗಲು ರಾತ್ರಿ ಆರು ವಾರ, ನಡುವೆ ಕರೆಂಟ್ ಹೋಗಬಾರದು. ಫೆಲೋಶಿಪ್ ಬರ್ತಿದೆಯಾ ಅಂತ ಕೇಳಿದೆ. ನಾಲ್ಕು ತಿಂಗಳಿಂದ ಬಂದಿಲ್ಲವಂತೆ, ಅಣ್ಣನ ಹತ್ತಿರ ಸಾಲ ತಗೊಂಡು ರೂಮಿನ ಬಾಡಿಗೆ ಕಟ್ಟಿದ್ದಾನೆ.